ಸ್ಥಾವರದ ಬಾಗಿಲಲ್ಲಿ ಬಾರಿಸಿದ ಗಂಟೆ: ವಾಟ್ರಸ್ ಮನೆಯ ರೇಡಾನ್ ಪ್ರಕರಣ

1984ರ ಡಿಸೆಂಬರ್. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಲಿಮರಿಕ್ ಪರಮಾಣು ಸ್ಥಾವರ ಇನ್ನೂ ವಿದ್ಯುತ್ ಉತ್ಪಾದನೆ ಶುರು ಮಾಡಿರಲಿಲ್ಲ. ಕೆಲಸಗಾರರು ಹೊರಗೆ ಹೋಗುವ ದಾರಿಯಲ್ಲಿ ವಿಕಿರಣ ಪತ್ತೆಹಚ್ಚುವ ಚೌಕಟ್ಟುಗಳನ್ನು ನಿಲ್ಲಿಸಿದ್ದರು. ಒಳಗಿನ ವಿಕಿರಣಶೀಲ ಧೂಳು ಯಾರದಾದರೂ ಮೈಗೆ, ಬಟ್ಟೆಗೆ ಅಂಟಿಕೊಂಡು ಮನೆ ಸೇರಬಾರದು ಎಂಬುದು ಅದರ ಉದ್ದೇಶ. ಸ್ಟ್ಯಾನ್ಲಿ ವಾಟ್ರಸ್ ಎಂಬ ನಿರ್ಮಾಣ ಎಂಜಿನಿಯರ್ ಆ ಚೌಕಟ್ಟನ್ನು ದಾಟುವಾಗ ಗಂಟೆ ಬಾರಿಸಿತು. ಇನ್ನೊಂದು ದಿನವೂ ಬಾರಿಸಿತು. ಆಮೇಲೆ ಅದು ನಿತ್ಯದ ಮಾತಾಯಿತು.

ಮೈ ತೊಳೆಸಿದರು, ಬಟ್ಟೆ ಪರೀಕ್ಷಿಸಿದರು. ಅವರ ಜೊತೆಯಲ್ಲೇ ಕೆಲಸ ಮಾಡುವವರು ಅದೇ ಚೌಕಟ್ಟನ್ನು ದಾಟಿದರೆ ಯಂತ್ರ ಸುಮ್ಮನಿರುತ್ತಿತ್ತು. ರಿಯಾಕ್ಟರೇ ಸರಿಯಾಗಿ ಚಾಲೂ ಆಗಿರದ ಸ್ಥಾವರದಲ್ಲಿ ಒಬ್ಬನೇ ಮನುಷ್ಯನಿಗೆ ಇಷ್ಟು ವಿಕಿರಣ ಎಲ್ಲಿಂದ ಅಂಟಬೇಕು? ಒಂದು ಬೆಳಿಗ್ಗೆ ವಾಟ್ರಸ್ ಸ್ಥಾವರಕ್ಕೆ ಬಂದವರು ಕೆಲಸದ ಜಾಗಕ್ಕೆ ಹೋಗದೆ, ಬಂದ ಕಾಲಲ್ಲೇ ತಿರುಗಿ ಹೊರದಾರಿಯ ಚೌಕಟ್ಟಿನೊಳಗೆ ನಡೆದರು. ಗಂಟೆ ಬಾರಿಸಿತು. ಅಂದರೆ ಆ ಧೂಳನ್ನು ಅವರು ಸ್ಥಾವರದಿಂದ ಮನೆಗೆ ಒಯ್ಯುತ್ತಿರಲಿಲ್ಲ, ಮನೆಯಿಂದ ಸ್ಥಾವರಕ್ಕೆ ತರುತ್ತಿದ್ದರು.

ಈ ಪ್ರಕರಣವನ್ನು ನಾನು ಹಲವು ಸಲ ಓದಿದ್ದೇನೆ. ಓದಿದಾಗಲೆಲ್ಲ ಆ ಬೆಳಗಿನ ಹತ್ತಿಪ್ಪತ್ತು ಹೆಜ್ಜೆಗಳ ಬಳಿ ನಿಲ್ಲುತ್ತೇನೆ. ದೊಡ್ಡ ಉಪಕರಣವಿಲ್ಲ, ಲೆಕ್ಕಾಚಾರವಿಲ್ಲ. ಒಳಗೆ ಹೋಗುವ ಮೊದಲೇ ಒಮ್ಮೆ ಅಳೆದು ನೋಡಿದ್ದು, ಅಷ್ಟೇ. ಅದರಿಂದ ಪ್ರಶ್ನೆಯ ದಿಕ್ಕೇ ತಿರುಗಿತು.

ಮನೆಯೊಳಗಿನ ಗಾಳಿ

ವಾಟ್ರಸ್ ಅವರ ಮನೆ ಬಾಯರ್‌ಟೌನ್ ಎಂಬ ಊರಿನ ಪಕ್ಕ ಕೋಲ್‌ಬ್ರುಕ್‌ಡೇಲ್‌ನಲ್ಲಿತ್ತು. ಹೆಂಡತಿ, ಚಿಕ್ಕ ಮಕ್ಕಳು, ಬೆಚ್ಚಗಿನ ಮನೆ. ಅಲ್ಲಿನ ಗಾಳಿಯನ್ನು ಅಳೆದಾಗ ರೇಡಾನ್ ಎಂಬ ವಿಕಿರಣಶೀಲ ಅನಿಲ ಪ್ರತಿ ಲೀಟರಿಗೆ ಸುಮಾರು 2,700 ಪಿಕೋಕ್ಯೂರಿ ಇತ್ತು. ಮನೆಯನ್ನು ಸರಿಪಡಿಸಿಕೊಳ್ಳಿ ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುವುದು 4 ಪಿಕೋಕ್ಯೂರಿ ಮುಟ್ಟಿದಾಗ. ಅದರ ಸುಮಾರು 675 ಪಟ್ಟು ಆ ಮನೆಯಲ್ಲಿತ್ತು.

ಪಿಕೋಕ್ಯೂರಿ ಎಂದರೆ ನಮಗೆ ಏನೂ ಹೊಳೆಯುವುದಿಲ್ಲ. ಭಾರತದಲ್ಲೂ ಯುರೋಪಿನಲ್ಲೂ ಬಳಸುವ ಬೆಕ್ವೆರೆಲ್ ಇದಕ್ಕಿಂತ ಅರ್ಥವಾಗುವ ಅಳತೆ: ಒಂದು ಘನ ಮೀಟರ್ ಗಾಳಿಯಲ್ಲಿ ಪ್ರತಿ ಸೆಕೆಂಡಿಗೆ ಒಂದು ಪರಮಾಣು ಒಡೆದರೆ ಒಂದು ಬೆಕ್ವೆರೆಲ್. ಲೀಟರಿಗೆ ಒಂದು ಪಿಕೋಕ್ಯೂರಿ ಎಂದರೆ ಘನ ಮೀಟರಿಗೆ 37 ಬೆಕ್ವೆರೆಲ್ ಎಂದು ಲೆಕ್ಕ ಹಾಕಿದರೆ ವಾಟ್ರಸ್ ಮನೆಯಲ್ಲಿ ಸುಮಾರು ಒಂದು ಲಕ್ಷ. ಮಕ್ಕಳು ಆಡುವ ಕೋಣೆಯ ಒಂದೊಂದು ಘನ ಮೀಟರ್ ಗಾಳಿಯಲ್ಲಿ ಸೆಕೆಂಡಿಗೆ ಒಂದು ಲಕ್ಷ ಪರಮಾಣುಗಳು ಸಿಡಿಯುತ್ತಿದ್ದವು. ಯುರೇನಿಯಂ ಗಣಿಯ ಕಾರ್ಮಿಕನೊಬ್ಬ ಒಂದು ವರ್ಷದಲ್ಲಿ ಇಷ್ಟಕ್ಕಿಂತ ಹೆಚ್ಚು ಈ ಗಾಳಿಯನ್ನು ಉಸಿರಾಡಬಾರದು ಎಂದು ಆಗಲೇ ಅಮೆರಿಕದಲ್ಲಿ ಕಾನೂನಿನ ಮಿತಿ ಇತ್ತು. ಲೆಕ್ಕ ಹಾಕಿದರೆ ಈ ಕುಟುಂಬ ತನ್ನ ಮನೆಯಲ್ಲೇ ಇದ್ದುಕೊಂಡು ಆ ಮಿತಿಯನ್ನು ಒಂದು ವಾರದೊಳಗೆ ಮುಟ್ಟುತ್ತಿತ್ತು.

1985ರ ಜನವರಿಯಲ್ಲಿ ರಾಜ್ಯದ ಅಧಿಕಾರಿಗಳು ಮನೆ ಖಾಲಿ ಮಾಡಿ ಎಂದು ಹೇಳಿದರು. ಕುಟುಂಬ ಹೊರಟಿತು.

ಪೆನ್ಸಿಲ್ವೇನಿಯಾದ ಜನರಿಗೆ ಅಣುವಿಕಿರಣದ ಭಯ ಹೊಸದೇನೂ ಆಗಿರಲಿಲ್ಲ. 1979ರಲ್ಲಿ ತ್ರೀ ಮೈಲ್ ಐಲೆಂಡ್ ಸ್ಥಾವರದ ಅಪಘಾತ ನಡೆದದ್ದು ಇದೇ ರಾಜ್ಯದಲ್ಲಿ. ಹೊಸ ಸ್ಥಾವರ ಎದ್ದರೆ ಊರವರ ಕಣ್ಣು ಅದರ ಮೇಲೆಯೇ. ಆ ಭಯಕ್ಕೆ ಕಾರಣವಿತ್ತು, ಅದನ್ನು ಹಗುರವಾಗಿ ನೋಡಲಾರೆ. ಆದರೆ ಆಗ ವಿಕಿರಣ ಎಂದರೆ ಮನುಷ್ಯ ಮಾಡಿದ್ದು, ಬೇಲಿಯ ಆಚೆಗಿನದು ಎಂಬ ತಿಳಿವಳಿಕೆ ಗಟ್ಟಿಯಾಗಿತ್ತು. ಮನೆಗಳಲ್ಲಿ ರೇಡಾನ್ ಇರುತ್ತದೆ ಎಂಬುದು ವಿಜ್ಞಾನಿಗಳಿಗೆ ಮೊದಲೇ ಗೊತ್ತಿದ್ದರೂ ಹೆಚ್ಚು ಸದ್ದಾಗಿದ್ದ ಪ್ರಕರಣಗಳಲ್ಲಿ ಮನುಷ್ಯನ ಕೈ ಇತ್ತು. ಕೊಲೊರಾಡೊದ ಗ್ರ್ಯಾಂಡ್ ಜಂಕ್ಷನ್‌ನಲ್ಲಿ ಯುರೇನಿಯಂ ಕಾರ್ಖಾನೆಯ ತ್ಯಾಜ್ಯದ ಮರಳನ್ನು ಮನೆಗಳ ತಳಪಾಯಕ್ಕೆ ತುಂಬಿದ್ದರು. ಸ್ವೀಡನ್ನಿನಲ್ಲಿ ಯುರೇನಿಯಂ ಇರುವ ಒಂದು ಬಗೆಯ ಶಿಲೆಯಿಂದ ಹಗುರ ಕಾಂಕ್ರೀಟ್ ಮಾಡಿ ಮನೆ ಕಟ್ಟಿದ್ದರು. ವಾಟ್ರಸ್ ಮನೆಗೆ ಯಾರೂ ಏನನ್ನೂ ತಂದು ಸುರಿದಿರಲಿಲ್ಲ. ನೆಲ ಇದ್ದ ಹಾಗೆಯೇ ಇತ್ತು. ಅದರ ಮೇಲೊಂದು ಮನೆ ಎದ್ದಿತ್ತು, ಅಷ್ಟೇ.

ನೆಲದಿಂದ ಉಸಿರಿನವರೆಗೆ

ರೆಡಿಂಗ್ ಪ್ರಾಂಗ್ ಎಂಬ ಹೆಸರಿನ ಪುರಾತನ ಶಿಲಾಪಟ್ಟಿಯೊಂದು ಪೆನ್ಸಿಲ್ವೇನಿಯಾದ ರೆಡಿಂಗ್ ನಗರದ ಬಳಿಯಿಂದ ನ್ಯೂಜೆರ್ಸಿಯನ್ನು ಹಾದು ನ್ಯೂಯಾರ್ಕ್ ರಾಜ್ಯದ ಕಡೆಗೆ ಸಾಗುತ್ತದೆ. ಅದರಲ್ಲಿ ಅಲ್ಲಲ್ಲಿ ಯುರೇನಿಯಂ ಹೆಚ್ಚು. ಬಾಯರ್‌ಟೌನ್ ಆ ಪಟ್ಟಿಯ ಮೇಲಿದೆ.

ಯುರೇನಿಯಂ ಬಹಳ ನಿಧಾನವಾಗಿ ಒಡೆಯುವ ಧಾತು. ಅದರ ಅರ್ಧಾಯು, ಅಂದರೆ ಇರುವ ಪರಮಾಣುಗಳಲ್ಲಿ ಅರ್ಧದಷ್ಟು ಒಡೆಯಲು ಹಿಡಿಯುವ ಕಾಲ, ಸುಮಾರು 450 ಕೋಟಿ ವರ್ಷ. ಅದು ಒಡೆಯುತ್ತ ಒಡೆಯುತ್ತ ಹಲವು ಮೆಟ್ಟಿಲು ಇಳಿದು ರೇಡಿಯಂ ಆಗುತ್ತದೆ, ರೇಡಿಯಂ ಒಡೆದು ರೇಡಾನ್ ಆಗುತ್ತದೆ. ಅಲ್ಲಿಯವರೆಗಿನದೆಲ್ಲ ಘನವಸ್ತು, ಕಲ್ಲಿನೊಳಗೇ ಸೆರೆಯಾಗಿರುವಂಥದ್ದು. ರೇಡಾನ್ ಮಾತ್ರ ಅನಿಲ. ಬಣ್ಣವಿಲ್ಲ, ವಾಸನೆಯಿಲ್ಲ, ಯಾವುದರ ಜೊತೆಗೂ ಕೂಡುವುದಿಲ್ಲ. ಮಣ್ಣಿನ ಕಣಗಳ ಸಂದಿನಲ್ಲಿ ನುಸುಳಿ ಮೇಲೇಳುತ್ತದೆ. ಅದರ ಅರ್ಧಾಯು 3.8 ದಿನ. ನೆಲದಿಂದ ಹೊರಬಿದ್ದು ಬಯಲು ಗಾಳಿಯಲ್ಲಿ ಚದುರಿಹೋದರೆ ಚಿಂತೆಯಿಲ್ಲ. ಮನೆಯೊಳಗೆ ಬಂದರೆ ಸಿಕ್ಕಿಕೊಳ್ಳುತ್ತದೆ.

ಬರುವುದು ಹೇಗೆ? ಸುಮ್ಮನೆ ತೇಲಿಕೊಂಡು ಬರುವುದಿಲ್ಲ, ಮನೆಯೇ ಅದನ್ನು ಎಳೆದುಕೊಳ್ಳುತ್ತದೆ. ಚಳಿಗಾಲದಲ್ಲಿ ಕಿಟಕಿ ಬಾಗಿಲು ಮುಚ್ಚಿ ಒಳಗೆ ಬಿಸಿ ಮಾಡಿದಾಗ ಬೆಚ್ಚನೆಯ ಗಾಳಿ ಮೇಲೇರಿ ಅಟ್ಟದ ಸಂದುಗಳಿಂದ ಹೊರಹೋಗುತ್ತದೆ. ಹಳೆಯ ಅಡುಗೆಮನೆಯ ಹೊಗೆಗೂಡು ಒಲೆಯ ಗಾಳಿಯನ್ನು ಮೇಲೆಳೆಯುವ ಹಾಗೆ. ಹೋದ ಗಾಳಿಯ ಜಾಗ ತುಂಬಲು ಕೆಳಗಿನಿಂದ ಗಾಳಿ ಬರಬೇಕಲ್ಲ? ನೆಲಮಾಳಿಗೆಯ ಕಾಂಕ್ರೀಟಿನ ಬಿರುಕು, ಗೋಡೆ ಮತ್ತು ನೆಲ ಕೂಡುವ ಅಂಚು, ಪೈಪು ಹಾದುಬಂದ ತೂತು, ನೀರು ಬಸಿಯುವ ಗುಂಡಿ, ಇವುಗಳ ಮೂಲಕ ಮನೆ ಮಣ್ಣಿನ ಗಾಳಿಯನ್ನು ಹೀರುತ್ತದೆ. ಚಳಿ ಹೆಚ್ಚಿದಷ್ಟೂ ಈ ಸೆಳೆತವೂ ಹೆಚ್ಚು. ವಾಟ್ರಸ್ ಪ್ರಕರಣ ಬೆಳಕಿಗೆ ಬಂದದ್ದು ಡಿಸೆಂಬರಿನಲ್ಲಿ ಎಂಬುದು ನನಗೆ ಆಕಸ್ಮಿಕವಾಗಿ ಕಾಣುವುದಿಲ್ಲ.

ಒಳಗೆ ಬಂದ ರೇಡಾನ್ ಅನ್ನು ಉಸಿರಾಡಿದರೆ ಅದರಲ್ಲಿ ಬಹುಪಾಲು ಹಾಗೆಯೇ ಹೊರಗೆ ಬಂದುಬಿಡುತ್ತದೆ. ತೊಂದರೆ ಅದರ ಮಕ್ಕಳದು. ರೇಡಾನ್ ಒಡೆದಾಗ ಹುಟ್ಟುವ ಪೊಲೋನಿಯಂ, ಸೀಸ, ಬಿಸ್ಮತ್‌ಗಳ ಪರಮಾಣುಗಳು ಮತ್ತೆ ಘನವಸ್ತುಗಳು. ಹುಟ್ಟಿದ ಕ್ಷಣವೇ ಧೂಳಿಗೆ, ಬಟ್ಟೆಗೆ, ಗೋಡೆಗೆ, ಶ್ವಾಸಕೋಶದ ಒಳಪದರಕ್ಕೆ ಅಂಟುತ್ತವೆ. ಅವುಗಳಲ್ಲಿ ಕೆಲವು ನಿಮಿಷಗಳ ಲೆಕ್ಕದಲ್ಲಿ ಬದುಕುವಂಥವು. ಈ ಸರಪಳಿಯ ಸೀಸಕ್ಕೆ ಅರ್ಧಾಯು ಸುಮಾರು 27 ನಿಮಿಷ, ಬಿಸ್ಮತ್‌ಗೆ ಸುಮಾರು 20 ನಿಮಿಷ. ಬೆಳಿಗ್ಗೆ ಮನೆಯಿಂದ ಹೊರಟ ಮನುಷ್ಯ ಹತ್ತಿರದ ಸ್ಥಾವರವನ್ನು ತಲುಪುವ ಹೊತ್ತಿಗೆ ಅವು ಅಂಗಿಯ ಮೇಲೆ ಇನ್ನೂ ಜೀವಂತವಾಗಿರಲು ಇಷ್ಟು ಸಮಯ ಸಾಕು. ಗಂಟೆ ಬಾರಿಸಿದ್ದು ಅವುಗಳಿಂದ.

ಅಂಗಿಗೆ ಅಂಟಿದ್ದು ಎದೆಗೂ ಇಳಿದಿತ್ತು. ಪೊಲೋನಿಯಂ ಹೊರಹಾಕುವ ಆಲ್ಫಾ ಕಣ ಒಂದು ಹಾಳೆ ಕಾಗದವನ್ನೂ ದಾಟಲಾರದು, ಹೊರಚರ್ಮವನ್ನೂ ದಾಟಲಾರದು. ಶ್ವಾಸನಾಳದ ಮೆತ್ತನೆಯ ಪದರಕ್ಕೆ ಮಾತ್ರ ಅಂಥ ರಕ್ಷಣೆಯಿಲ್ಲ. ಅಲ್ಲೇ ಕುಳಿತು ಒಡೆದರೆ ಜೀವಕೋಶದ ವರ್ಣತಂತುವನ್ನೇ ಮುರಿಯುತ್ತದೆ. ಕೆಮ್ಮಿಲ್ಲ, ತಲೆನೋವಿಲ್ಲ, ಮೈಮೇಲೆ ಗಂದೆಯಿಲ್ಲ. ಯಾರಿಗಾದರೂ ಏನಾದರೂ ಆಗುವುದಿದ್ದರೆ ಅದು ವರ್ಷಗಳ ನಂತರ ಬರುವ ಶ್ವಾಸಕೋಶದ ಕ್ಯಾನ್ಸರ್. ಜರ್ಮನಿಯ ಶ್ನೇಬರ್ಗ್ ಗಣಿಗಳ ಕಾರ್ಮಿಕರು ಎದೆಯ ರೋಗದಿಂದ ಸಾಯುತ್ತಿದ್ದುದು ಶತಮಾನಗಳಿಂದ ತಿಳಿದ ಸಂಗತಿ. ಅದು ಶ್ವಾಸಕೋಶದ ಕ್ಯಾನ್ಸರ್ ಎಂದು ವೈದ್ಯರು ಗುರುತಿಸಿದ್ದು 1879ರಲ್ಲಿ, ರೇಡಾನ್ ಪತ್ತೆಯಾಗುವುದಕ್ಕೆ ಎರಡು ದಶಕ ಮೊದಲು.

ಪಕ್ಕದ ಮನೆ

ಇಡೀ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡಿದ ಸಂಗತಿ ಇದು: ವಾಟ್ರಸ್ ಅವರ ಪಕ್ಕದ ಮನೆಯಲ್ಲಿ ಅಂಥ ಅಪಾಯವೇನೂ ಇರಲಿಲ್ಲ. ಅದೇ ಬೀದಿ, ಅದೇ ಚಳಿ, ಅದೇ ಶಿಲಾಪಟ್ಟಿ. ಯುರೇನಿಯಂ ಇರುವ ಕಲ್ಲಿನ ಎಳೆ ಎಲ್ಲಿ ಹಾದಿದೆ, ಮಣ್ಣು ಎಷ್ಟು ಸಡಿಲ, ತಳಪಾಯದಲ್ಲಿ ಎಲ್ಲಿ ಸೀಳಿದೆ ಎಂಬುದರ ಮೇಲೆ ಒಂದೊಂದು ಮನೆಯ ಲೆಕ್ಕ ಒಂದೊಂದು. ಸರ್ಕಾರ ಬಿಡಿಸಿದ ನಕ್ಷೆಯಲ್ಲಿ ನಿಮ್ಮ ಜಿಲ್ಲೆ ಯಾವ ಬಣ್ಣದಲ್ಲಿದ್ದರೂ ಅದು ನಿಮ್ಮ ಮಲಗುವ ಕೋಣೆಯ ಸುದ್ದಿ ಹೇಳುವುದಿಲ್ಲ. ಪಕ್ಕದವರ ಒಳ್ಳೆಯ ಫಲಿತಾಂಶವೂ ಹೇಳುವುದಿಲ್ಲ.

ಇನ್ನೊಂದನ್ನೂ ಯೋಚಿಸಬೇಕು. ವಾಟ್ರಸ್ ಅದೇ ಊರಿನ ಬ್ಯಾಂಕಿನಲ್ಲೋ ಶಾಲೆಯಲ್ಲೋ ಕೆಲಸ ಮಾಡುತ್ತಿದ್ದರೆ? ಪ್ರತಿದಿನ ಅದೇ ಧೂಳನ್ನು ಹೊತ್ತುಕೊಂಡು ಹೋಗಿ ಬರುತ್ತಿದ್ದರು. ಗಂಟೆ ಬಾರಿಸಲು ಅಲ್ಲಿ ಏನೂ ಇರುತ್ತಿರಲಿಲ್ಲ. ಸ್ಥಾವರದ ಬಾಗಿಲಿನಲ್ಲಿ ಬೇರೆ ಕಾರಣಕ್ಕೆ ನಿಲ್ಲಿಸಿದ್ದ ಯಂತ್ರ ಆ ಮನೆಯನ್ನು ಕಾಪಾಡಿತು. ಆಗ ರೆಡಿಂಗ್ ಪ್ರಾಂಗ್ ಉದ್ದಕ್ಕೂ ಸಾವಿರಾರು ಮನೆಗಳಿಗೆ ಅಂಥ ಅದೃಷ್ಟ ಇರಲಿಲ್ಲ. ನಂತರ ರಾಜ್ಯ ಸರ್ಕಾರ ಮನೆ ಮನೆ ಅಳೆಯತೊಡಗಿದಾಗ ಮಿತಿ ಮೀರಿದವು ಒಂದರ ಮೇಲೊಂದು ಸಿಕ್ಕಿದವು. 1986ರಲ್ಲಿ ನ್ಯೂಜೆರ್ಸಿಯ ಕ್ಲಿಂಟನ್ ಊರಿನ ಒಂದು ಬಡಾವಣೆಯಲ್ಲೂ ಹೀಗೆಯೇ ಆಯಿತು. ವಾಟ್ರಸ್ ಮನೆಯದೇ ಕೊನೆಯ ದಾಖಲೆಯೂ ಅಲ್ಲ: ಮೂರು ದಶಕಗಳ ನಂತರ, 2014ರಲ್ಲಿ, ಅದೇ ರಾಜ್ಯದ ಲೀಹೈ ಕೌಂಟಿಯ ಒಂದು ಮನೆಯಲ್ಲಿ 3,715 ಪಿಕೋಕ್ಯೂರಿ ಅಳೆದರು.

ಸರಿಪಡಿಸಿದ ಬಗೆ

ಕೋಪ ಬರಿಸುವಷ್ಟು ಸರಳವಾದ ಭಾಗ ಇದು. ಸ್ಥಾವರದ ಒಡೆತನ ಹೊಂದಿದ್ದ ಫಿಲಡೆಲ್ಫಿಯಾ ಎಲೆಕ್ಟ್ರಿಕ್ ಕಂಪನಿಯೇ ಈ ಮನೆಯನ್ನು ಪ್ರಯೋಗವಾಗಿ ಕೈಗೆತ್ತಿಕೊಂಡಿತು. ಬಿರುಕುಗಳನ್ನು ಮುಚ್ಚಿದರು, ನೆಲದಡಿಯ ಗಾಳಿಯನ್ನು ಪೈಪು ಮತ್ತು ಫ್ಯಾನ್ ಮೂಲಕ ಹೊರಗೆ ಸಾಗಿಸುವ ವ್ಯವಸ್ಥೆ ಮಾಡಿದರು. 1985ರ ಬೇಸಿಗೆಯಲ್ಲಿ, ಸುಮಾರು ಆರು ತಿಂಗಳ ನಂತರ, ಕುಟುಂಬ ಅದೇ ಮನೆಗೆ ಮರಳಿತು. ರೇಡಾನ್ 4 ಪಿಕೋಕ್ಯೂರಿಗಿಂತ ಕೆಳಗಿಳಿದಿತ್ತು.

ಇಂದು ಸಾಮಾನ್ಯ ಮನೆಗೆ ಈ ಕೆಲಸ ಒಂದು ದಿನದ್ದು. ನೆಲಮಾಳಿಗೆಯ ಕಾಂಕ್ರೀಟಿಗೆ ತೂತು ಕೊರೆದು ಕೆಳಗಿನ ಜಲ್ಲಿಯವರೆಗೆ ಪಿವಿಸಿ ಪೈಪ್ ಇಳಿಸುತ್ತಾರೆ. ಅದನ್ನು ಸೂರಿನ ಮೇಲಕ್ಕೆ ಒಯ್ದು ನಡುವೆ ಸದಾ ತಿರುಗುವ ಸಣ್ಣ ಫ್ಯಾನ್ ಕೂರಿಸುತ್ತಾರೆ. ಮನೆ ಹೀರುವ ಮೊದಲೇ ಫ್ಯಾನ್ ಹೀರಿ ಆಕಾಶಕ್ಕೆ ಬಿಡುತ್ತದೆ. ಇಷ್ಟು ಸಾಕು.

ವಾಟ್ರಸ್ ಮನೆಯ ಸುದ್ದಿ ಹರಡಿದ ಮೇಲೆ 1986ರಲ್ಲಿ ಪರಿಸರ ಸಂರಕ್ಷಣಾ ಸಂಸ್ಥೆ ಸಾರ್ವಜನಿಕರಿಗಾಗಿ ರೇಡಾನ್ ಕೈಪಿಡಿ ತಂದಿತು. 1988ರಲ್ಲಿ ಮನೆಯೊಳಗಿನ ರೇಡಾನ್ ತಗ್ಗಿಸುವ ಕಾಯಿದೆ ಬಂದಿತು. ಅದೇ ವರ್ಷ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ರೇಡಾನ್ ಅನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು.

ಗಣಿಯ ಲೆಕ್ಕವನ್ನು ಮನೆಗೆ ಅನ್ವಯಿಸುವುದು ಸರಿಯೇ ಎಂಬ ವಾದ ಬಹುಕಾಲ ನಡೆಯಿತು. ವಾದ ನ್ಯಾಯವಾದದ್ದೇ, ಗಣಿಯಲ್ಲಿ ಧೂಳು, ಡೀಸೆಲ್ ಹೊಗೆ, ಬೀಡಿ ಸಿಗರೇಟು ಎಲ್ಲ ಇದ್ದವು. 2005ರಲ್ಲಿ ಯುರೋಪಿನ 9 ದೇಶಗಳ 13 ಅಧ್ಯಯನಗಳನ್ನು ಒಟ್ಟುಗೂಡಿಸಿ, 7,148 ಶ್ವಾಸಕೋಶ ಕ್ಯಾನ್ಸರ್ ರೋಗಿಗಳನ್ನು ಅವರ ಮನೆಗಳ ರೇಡಾನ್ ಸಮೇತ ಪರಿಶೀಲಿಸಿದ ವರದಿ ಬಂದ ಮೇಲೆ ನನ್ನ ಮಟ್ಟಿಗೆ ಆ ವಾದ ಮುಗಿಯಿತು. ಮನೆಯ ಗಾಳಿಯಲ್ಲಿ ಪ್ರತಿ 100 ಬೆಕ್ವೆರೆಲ್ ಹೆಚ್ಚಾದರೆ ಶ್ವಾಸಕೋಶ ಕ್ಯಾನ್ಸರಿನ ಅಪಾಯ ಶೇ. 16ರಷ್ಟು ಏರುವಂತೆ ಅದು ಕಂಡಿತು. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 100 ಬೆಕ್ವೆರೆಲ್ ಅನ್ನೇ ಮಾನದಂಡವಾಗಿ ಸೂಚಿಸಿತು; ಆಗದ ಕಡೆ 300 ಮೀರಬಾರದು ಎಂದಿತು. ಅಮೆರಿಕದಲ್ಲಿ ರೇಡಾನ್ ಕಾರಣದಿಂದ ವರ್ಷಕ್ಕೆ ಸುಮಾರು 21,000 ಜನ ಸಾಯುತ್ತಾರೆ ಎಂದು ಅಲ್ಲಿನ ಪರಿಸರ ಸಂಸ್ಥೆಯ ಅಂದಾಜು. ಅವರಲ್ಲಿ ಸುಮಾರು 2,900 ಜನ ಎಂದೂ ಸಿಗರೇಟು ಮುಟ್ಟದವರು.

ಧೂಮಪಾನದ ಮಾತು ಬಂದಾಗ ಎರಡನ್ನು ಸೇರಿಸಿಯೇ ಹೇಳಬೇಕು. ಜೀವನವಿಡೀ 4 ಪಿಕೋಕ್ಯೂರಿಯ ಮನೆಯಲ್ಲಿದ್ದರೆ, ಅದೇ ಸಂಸ್ಥೆಯ ಲೆಕ್ಕದಂತೆ, ಸಿಗರೇಟು ಸೇದದ ಸಾವಿರ ಜನರಲ್ಲಿ ಸುಮಾರು 7 ಮಂದಿಗೆ ಶ್ವಾಸಕೋಶದ ಕ್ಯಾನ್ಸರ್ ಬರಬಹುದು. ಸೇದುವವರಲ್ಲಿ ಸುಮಾರು 62 ಮಂದಿಗೆ. ಮನೆಯಲ್ಲಿ ರೇಡಾನ್ ಹೆಚ್ಚಿದೆ ಎಂದು ಗೊತ್ತಾದವರು ಅದೇ ದಿನ ಸಿಗರೇಟು ಬಿಟ್ಟರೆ ಫ್ಯಾನ್ ಕೂರಿಸುವ ಮುಂಚೆಯೇ ಅರ್ಧ ಚಿಕಿತ್ಸೆ ಆದಂತೆ.

ನಮ್ಮ ಮನೆಗಳು

ನಾನು ಇದನ್ನು ಬರೆಯುತ್ತಿರುವುದು ಪೆನ್ಸಿಲ್ವೇನಿಯಾದಿಂದ, ಬಾಯರ್‌ಟೌನಿಗೆ ಕಾರಿನಲ್ಲಿ ಒಂದು ಗಂಟೆಯ ದೂರದಿಂದ. ಈ ರಾಜ್ಯದಲ್ಲೂ ಪಕ್ಕದ ನ್ಯೂಜೆರ್ಸಿಯಲ್ಲೂ ಕನ್ನಡದ ಕುಟುಂಬಗಳು ಸಾಕಷ್ಟಿವೆ. ನಮ್ಮಲ್ಲಿ ಬಹಳ ಮಂದಿ ಮನೆ ಕೊಂಡ ಮೇಲೆ ಮಾಡುವ ಮೊದಲ ಕೆಲಸ ಬೇಸ್‌ಮೆಂಟಿಗೆ ನೆಲಹಾಸು ಹಾಕಿಸಿ, ಒಂದು ಕೋಣೆ, ಒಂದು ಸ್ನಾನದ ಮನೆ ಕಟ್ಟಿಸುವುದು. ಊರಿನಿಂದ ಬರುವ ಅಪ್ಪ ಅಮ್ಮನಿಗೆ ಎಂದು. ಅವರು ಬಂದು ಆರು ತಿಂಗಳು ಇರುತ್ತಾರೆ. ಹೊರಗೆ ಓಡಾಡಲು ಕಾರು ಓಡಿಸಲು ಬಾರದು, ಚಳಿ ಬೇರೆ. ಹಗಲಿನ ಬಹುಪಾಲು, ರಾತ್ರಿ ಪೂರ್ತಿ ಮನೆಯ ಅತ್ಯಂತ ಕೆಳಗಿನ ಕೋಣೆಯಲ್ಲೇ ಕಳೆಯುತ್ತಾರೆ. ಮನೆಯಲ್ಲಿ ರೇಡಾನ್ ಹೆಚ್ಚಿರುವ ಜಾಗ ಸಾಮಾನ್ಯವಾಗಿ ಅದೇ.

ನಾವೂ ಹಾಗೆಯೇ ಮಾಡಿದ್ದೆವು. ಮನೆ ಕೊಳ್ಳುವಾಗ ಜೂನ್ ತಿಂಗಳಲ್ಲಿ ನಡೆದ ಪರೀಕ್ಷೆಯಲ್ಲಿ 3.1 ಬಂದಿತ್ತು. ನಾಲ್ಕಕ್ಕಿಂತ ಕಡಿಮೆ ಎಂದು ಸಹಿ ಹಾಕಿದೆವು, ಮರೆತೆವು. ಎರಡನೆಯ ಚಳಿಗಾಲ ಅಪ್ಪ ಅಮ್ಮ ತಿಪಟೂರಿನಿಂದ ಬಂದಾಗ ಸುಮ್ಮನೆ ಇರಲಿ ಎಂದು ರೇಡಾನ್ ಅಳೆಯುವ ಇದ್ದಿಲು ಡಬ್ಬಿಯ ಒಂದು ಕಿಟ್ ತಂದು ಅವರ ಮಂಚದ ಪಕ್ಕ ನಾಲ್ಕು ದಿನ ಇಟ್ಟೆ. ಪ್ರಯೋಗಾಲಯದಿಂದ ಬಂದ ಸಂಖ್ಯೆ 9.6. ಜೂನ್ ಕೊಟ್ಟ ಸಮಾಧಾನ ಜನವರಿಗೆ ಅನ್ವಯಿಸುವುದಿಲ್ಲ ಎಂಬುದನ್ನು ಪುಸ್ತಕದಲ್ಲಿ ಓದಿದ್ದ ನನಗೆ, ಅದು ಅಪ್ಪನ ದಿಂಬಿನ ಪಕ್ಕದಲ್ಲಿ ಕಂಡಾಗ ಕೈಕಾಲು ತಣ್ಣಗಾದವು. ಆ ರಾತ್ರಿಯೇ ಅವರಿಬ್ಬರ ಹಾಸಿಗೆಯನ್ನು ಮೇಲಿನ ನಡುಮನೆಗೆ ತಂದೆವು.

"ನಮ್ಮೂರ ಮನೆಯಲ್ಲಿ ಇದೆಲ್ಲ ಇಲ್ಲವೇನೋ?" ಎಂದು ಅಮ್ಮ ಕೇಳಿದರು. ಇದೆ. ಕರ್ನಾಟಕದ ನೆಲ ಬಹುಪಾಲು ಗ್ರಾನೈಟ್ ಮತ್ತು ನೈಸ್ ಶಿಲೆಗಳದ್ದು. ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಯುರೇನಿಯಂ ನಿಕ್ಷೇಪವೇ ಇದೆ. ಯುರೇನಿಯಂ ಇದ್ದಲ್ಲಿ ರೇಡಾನ್ ಇದ್ದೇ ಇರುತ್ತದೆ. ಆದರೆ ತಿಪಟೂರಿನ ಮನೆಗೆ ನೆಲಮಾಳಿಗೆಯಿಲ್ಲ. ಬೆಳಗಾದರೆ ಹಿತ್ತಿಲ ಬಾಗಿಲು, ಮುಂಬಾಗಿಲು ಎರಡೂ ತೆರೆದಿರುತ್ತವೆ. ಹೆಂಚಿನ ಸಂದಿನಲ್ಲಿ ಗಾಳಿ ಆಡುತ್ತದೆ, ಒಳಗೂ ಹೊರಗೂ ಒಂದೇ ಬಿಸಿ. ಮಣ್ಣಿನ ಗಾಳಿಯನ್ನು ಎಳೆಯುವ ಸೆಳೆತ ಹುಟ್ಟುವುದಕ್ಕೆ ಅಲ್ಲಿ ಅವಕಾಶ ಕಡಿಮೆ. ಬೆಂಗಳೂರಿನಲ್ಲಿ ಕಿಟಕಿಯನ್ನೇ ತೆರೆಯದೆ ಎಸಿ ಹಾಕಿಕೊಂಡು ನೆಲಮಟ್ಟದ ಕೋಣೆಗಳಲ್ಲಿ ಇರುವವರ ಬಗ್ಗೆ ಇಷ್ಟು ನಿಶ್ಚಿಂತೆಯಿಂದ ಮಾತಾಡಲಾರೆ. ಅಲ್ಲಿಯೂ ಉತ್ತರ ಅಳತೆಯಿಂದಲೇ ಬರಬೇಕು. ಗ್ರಾನೈಟ್ ಅಡುಗೆಕಟ್ಟೆಯ ಬಗ್ಗೆ ಹೆದರುವವರನ್ನು ಎರಡೂ ದೇಶಗಳಲ್ಲಿ ಕಂಡಿದ್ದೇನೆ. ಕಟ್ಟೆಯ ಕಲ್ಲಿನಿಂದ ಹೊಮ್ಮುವುದು ಸಾಮಾನ್ಯವಾಗಿ ಬಹಳ ಅಲ್ಪ. ನೋಡಬೇಕಾದದ್ದು ಕಾಲಡಿಯ ಮಣ್ಣನ್ನು.

ಅಳೆಯುವವರಿಗೆ ಅನುಭವದ ಒಂದೆರಡು ಮಾತು. ಜನ ಮಲಗುವ, ಕೂರುವ ಅತ್ಯಂತ ಕೆಳಗಿನ ಕೋಣೆಯಲ್ಲಿ ಅಳೆಯಿರಿ. ಕೆಲವು ದಿನಗಳ ಪರೀಕ್ಷೆಯಾದರೆ ಹನ್ನೆರಡು ಗಂಟೆ ಮುಂಚಿನಿಂದಲೇ ಕಿಟಕಿಗಳನ್ನು ಮುಚ್ಚಿಡಿ. ಡಬ್ಬಿಯನ್ನು ಅಡುಗೆಮನೆಯಲ್ಲೋ ಸ್ನಾನದ ಮನೆಯಲ್ಲೋ ಇಡಬೇಡಿ. ಸಾಧ್ಯವಾದರೆ ಮೂರು ತಿಂಗಳಿಗೂ ಹೆಚ್ಚು ಕಾಲ ಇಡುವ, ಆಲ್ಫಾ ಕಣಗಳ ಗುರುತು ಹಿಡಿಯುವ ಫಿಲ್ಮಿನ ಅಳತೆಯನ್ನೂ ಮಾಡಿಸಿ, ಏಕೆಂದರೆ ರೇಡಾನ್ ಮಳೆ, ಗಾಳಿ, ಚಳಿಗೆ ತಕ್ಕಂತೆ ದಿನದಿಂದ ದಿನಕ್ಕೆ ಏರಿಳಿಯುತ್ತದೆ. ಬಾಡಿಗೆ ಮನೆಯವರು ಮಾಲೀಕರನ್ನು ಕೇಳಲು ಸಂಕೋಚಪಡಬೇಡಿ.

ನಮ್ಮ ಮನೆಗೆ ಪೈಪು ಮತ್ತು ಫ್ಯಾನ್ ಬಂದದ್ದು ಅದಾದ ಹನ್ನೊಂದನೆಯ ದಿನ. ಮತ್ತೆ ಅಳೆದಾಗ 1.1. ಪೈಪಿನ ಮೇಲೆ ಇಂಗ್ಲಿಷಿನ ಯು ಅಕ್ಷರದ ಆಕಾರದ ಒಂದು ಗಾಜಿನ ನಳಿಕೆ ಇದೆ, ಒಳಗೆ ಕೆಂಪು ದ್ರವ. ಫ್ಯಾನ್ ಹೀರುತ್ತಿದ್ದರೆ ಒಂದು ಕಡೆಯ ದ್ರವ ಮೇಲೆ, ಇನ್ನೊಂದು ಕಡೆಯದು ಕೆಳಗೆ. ಎರಡೂ ಸಮವಾದರೆ ಫ್ಯಾನ್ ನಿಂತಿದೆ ಎಂದು ಅರ್ಥ. ಊರಿಗೆ ಹೊರಡುವವರೆಗೂ ಅಮ್ಮ ದಿನಾ ಬೆಳಿಗ್ಗೆ ಕಾಫಿಗೆ ಮುಂಚೆ ಮೆಟ್ಟಿಲಿಳಿದು ಅದನ್ನು ನೋಡಿ ಬರುತ್ತಿದ್ದರು. ಈಗ ಕೆಳಗಿನ ಕೋಣೆಯಲ್ಲಿ ಮಗಳು ಓದಿಕೊಳ್ಳುತ್ತಾಳೆ. ತಿಪಟೂರಿನಿಂದ ಭಾನುವಾರ ಫೋನ್ ಬಂದಾಗ ಮೊಮ್ಮಗಳ ಕ್ಷೇಮ ಕೇಳಿದ ಮೇಲೆ ಅಮ್ಮ ಕೇಳುವ ಎರಡನೆಯ ಪ್ರಶ್ನೆ ಒಂದೇ: "ಕೆಂಪು ನೀರು ಮೇಲಿದೆಯೇನೋ?"